ಹಂಚಿನೊಳಗಿನ ಹಸಿ

೭ ಮಾರ್ಚ್ ೨೦೦೧, ಬುಧವಾರ. ಬೆಳಗಾವಿ

ಬದಲಾವಣೆಯೇ ಇಲ್ಲವಂತೆ! ಹಂಚಿನ ಮಣ್ಣು ಒಣಗಿದಂತೆ ಹಸಿ ಅಳೆಯುವ ನನ್ನ ಆಸಿಲೇಟರ್ ಸರ್ಕ್ಯೂಟಿನ ಆವರ್ತನ ತುಸು ಏರಬೇಕು. ಕಂಪ್ಯೂಟರಿನ ಸಿಮ್ಯುಲೇಶನ್ನಿನಲ್ಲಿ ಮಾತ್ರ ಹಸಿಗೂ ಒಣಗಿದ್ದಕ್ಕೂ ಅದೇ ಅಂಕಿ.

“ಪ್ರಾಜೆಕ್ಟ್ ಬದಲ್ ಮಾಡವಾ ಪ್ರಮಿಳಾ,” ಎಂದರು ಗೈಡ್ ಚೌಗಲೆ ಸರ್.

ಮಾಡಲಿಲ್ಲ. ಒಂದೇ ಅಲೆ ಅಳೆದರೆ ಏನು ಕಂಡೀತು? ಸಿಮ್ಯುಲೇಶನ್ ಲೆಕ್ಕ ಹಾಕುವ ಸಮಯದ ಹೆಜ್ಜೆ ಸಣ್ಣದು ಮಾಡಿ, ಸಾವಿರ ಅಲೆಗಳ ಒಟ್ಟು ಸಮಯ ಅಳೆದೆ. ಲ್ಯಾಬ್ ಮುಚ್ಚುವುದರೊಳಗೆ ವ್ಯತ್ಯಾಸ ಪರದೆಯ ಮೇಲೆ ಬಂದು ಕೂತಿತ್ತು.

ಸರ್ ಕನ್ನಡಕ ಏರಿಸಿ ನೋಡಿದರು. “ಖರೇ ಐತಿ. ಆದ್ರ ಇಷ್ಟು ಸಣ್ಣದನ್ನ ಯಾರು ಕೇಳ್ತಾರ?”

“ಖಾನಾಪುರದಾಗ ಹಂಚು ಸುಡೋ ನಮ್ಮಪ್ಪ ಕೇಳ್ತಾನ್ರೀ. ಅಷ್ಟ ಹಸಿ ಉಳದ್ರೂ ಭಟ್ಟ್ಯಾಗ ಹಂಚು ಒಡೀತಾವ್ರೀ.”

ನಕ್ಕರು. ನಗಲಿ. ಸೋಮವಾರ ಊರಿಂದ ಒಡೆದ ಹಂಚೊಂದು ತಂದು ಅವರ ಮೇಜಿನ ಮೇಲಿಡುತ್ತೇನೆ. ಸಣ್ಣದು ಅನ್ನುವುದನ್ನು ಅದರ ಮುಂದೆ ಹೇಳಲಿ.