ನಿನ್ನ ಬೆನ್ನ ಹಿಂದೆ ನಿಂತವನು

ಸಿಂಗಾಪುರ ಗ್ರಾಮ,
ವಿದ್ಯಾರಣ್ಯಪುರ ಅಂಚೆ
9-2-2025

ಮಗಳೇ ಧನು,

ಮೊದಲು ಅಪ್ಪನ ಆಶೀರ್ವಾದ ತೆಗೆದುಕೋ, ಸಿಟ್ಟು ಆಮೇಲೆ ಮಾಡಿಕೋ. ನೀನು ಮುನಿಸಿಕೊಂಡು ಚಿಕ್ಕಜಾಲದ ನೀಲಕ್ಕತ್ತೆ ಮನೆ ಸೇರಿ ವಾರವಾಯಿತು. ಫೋನ್ ಮಾಡಿದರೆ ಕಟ್ ಮಾಡುತ್ತೀಯ, ಅದಕ್ಕೇ ಈ ಕಾಗದ. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದಾಗಲೆಲ್ಲ ನಿಮ್ಮಮ್ಮ ಬಂದು ಇಣುಕುತ್ತಿದ್ದಳು.

ನನಗೆ ಅನುಮಾನ ಜಾಸ್ತಿ, ಒಪ್ಪುತ್ತೇನೆ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ರಿಟೈರ್ ಆದವನು ನಾನು. ಕಿಟಕಿಯಾಚೆ ಅತಿ ಗಮನವಿಟ್ಟು ನೋಡುವವನ ಹತ್ತಿರ ಟಿಕೆಟ್ ಇರುವುದಿಲ್ಲ. ಬಿ.ಎಸ್ಸಿ. ಆಯಿತು, ಜರ್ಮನಿಯಲ್ಲಿ ಗಣಿತದ ಎಂ.ಎಸ್ಸಿ. ಮಾಡುತ್ತೇನೆ, ಅಲ್ಲಿ ಫೀಸೇ ಇಲ್ಲ ಎಂದು ನೀನು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಬಿಟ್ಟಿ ಪಾಠ ಯಾರು ಹೇಳುತ್ತಾರೆ? ನಮ್ಮೂರಿಗೆ ಲೇಔಟ್ ಮಾಡಲು ಬಂದವರೂ ಹೀಗೇ ನಗುನಗುತ್ತಾ ಬಂದಿದ್ದರು. ನಿಮ್ಮ ಕಾಲೇಜಿನ ಭೀಮರಾಜ್ ಮೇಷ್ಟ್ರು ಶಿಫಾರಸು ಬರೆದುಕೊಟ್ಟದ್ದೂ ಸರಿಕಾಣಲಿಲ್ಲ. ಈ ಮನುಷ್ಯನಿಗೆ ಇದರಲ್ಲೇನು ಲಾಭ ಎಂದು ತಲೆ ಕೆಡಿಸಿಕೊಂಡೆ.

ಅದಕ್ಕೇ ಜರ್ಮನಿಯವರ ವಿಡಿಯೋ ಸಂದರ್ಶನದ ದಿನ ನಿನ್ನ ಕೋಣೆ ಬಾಗಿಲಲ್ಲೇ ನಿಂತಿದ್ದು. ಪರದೆಯ ಮೇಲೆ ಮೂವರಿದ್ದರು. ಅವರಲ್ಲಿ ಕನ್ನಡಕದ ಹೆಂಗಸು ನಿನ್ನನ್ನು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ನೀನು ಬಿಳಿ ಹಲಗೆಯ ಮೇಲೆ ಸರಸರ ಬರೆಯುತ್ತಿದ್ದೆ. ನನಗೆ ಒಂದಕ್ಷರ ಅರ್ಥವಾಗದಿದ್ದರೂ ಎದೆ ಉಬ್ಬಿತು, ಕೂಡಲೇ ಭಯವೂ ಆಯಿತು. ಇಷ್ಟು ಚೆನ್ನಾಗಿ ಮಾಡುವ ಹುಡುಗಿಗೆ ಕಣ್ಣು ತಾಗದೆ ಇರುತ್ತದೆಯೇ? ನಿಮ್ಮಮ್ಮ ಕೆಲಸಕ್ಕೆ ಹೋಗಿದ್ದಳು. ನಾನೇ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, "ಊರ್ ಕಣ್ಣು, ಕೇರಿ ಕಣ್ಣು, ನಾಯಿ ಕಣ್ಣು" ಎಂದು ಪಿಸುಗುಟ್ಟುತ್ತಾ ನಿನ್ನ ಬೆನ್ನ ಹಿಂದೆ ಬಂದು ನಿವಾಳಿಸಿದೆ. ಕ್ಯಾಮೆರಾದಲ್ಲಿ ಕಾಣುತ್ತೇನೆ ಎಂದು ಹೊಳೆಯಲೇ ಇಲ್ಲ.

ಯಾರೋ ಹಿಂದಿನಿಂದ ಸನ್ನೆ ಮಾಡಿ ಉತ್ತರ ಹೇಳಿಕೊಡುತ್ತಿದ್ದಾರೆ ಎಂದುಕೊಂಡು ಅವರು ಸಂದರ್ಶನವನ್ನೇ ನಿಲ್ಲಿಸಿದರು ಎನ್ನುವುದು ನೀನು ಅತ್ತಾಗಲೇ ನನಗೆ ತಿಳಿದದ್ದು. ಊರನ್ನೆಲ್ಲ ಅನುಮಾನಿಸಿದ ನನ್ನ ಮೇಲೇ ಅನುಮಾನ! ಗಣಿತ ಹೇಳಿಕೊಡುವ ಮುಖವೇ ಇದು? ಎಸ್ಸೆಸ್ಸೆಲ್ಸಿಯಲ್ಲಿ ನಾನು ಡುಮ್ಕಿ ಹೊಡೆದದ್ದೇ ಅದರಲ್ಲಿ.

ಮೊನ್ನೆ ಗಂಗಾನಗರಕ್ಕೆ ಹೋಗಿ ಮೇಷ್ಟ್ರ ಮನೆ ಹುಡುಕಿ ಎಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ರೀ ಬೈರಣ್ಣ, ಲೈವಲ್ಲೇ ದೃಷ್ಟಿ ತೆಗೆದ್ರಾ! ಬಿಡಿ, ನಾನ್ ಮೇಲ್ ಹಾಕ್ತೀನಿ. ಅಂಥ ಸ್ಟೂಡೆಂಟ್ ಸಿಗಲ್ಲ ಕಣ್ರೀ" ಎಂದರು. ಇವತ್ತು ಅವರದೇ ಫೋನ್ ಬಂತು. ಗುರುವಾರ ಮಧ್ಯಾಹ್ನ ಜರ್ಮನಿಯವರು ಇನ್ನೊಂದು ಸಲ ನಿನ್ನನ್ನು ಮಾತನಾಡಿಸುತ್ತಾರಂತೆ, ನಿನಗೂ ಮೇಲ್ ಬಂದಿರಬೇಕು. ಮೇಷ್ಟ್ರಿಗೆ ಲಾಭವೇನು ಎಂಬುದು ನನಗಿನ್ನೂ ಗೊತ್ತಾಗಿಲ್ಲ. ಕಾಫಿ ಮಾತ್ರ ಚೆನ್ನಾಗಿತ್ತು.

ನಿಮ್ಮಮ್ಮ ದಿನವೂ, "ಮಗೀನ ಕರ್ಕಂಡ್ ಬಾ, ಇಂಗೇ ಕುಂತ್ಕಂಡ್ರೆ ಆಯ್ತದಾ?" ಎಂದು ಪ್ರಾಣ ತಿನ್ನುತ್ತಾಳೆ. ಬಂದುಬಿಡು. ಅಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ನೀಲಕ್ಕನೇ ಹೇಳಿದಳು. ಗುರುವಾರ ನಾನು ಕೆರೆ ಏರಿಯ ಮೇಲೆ ಕುಳಿತಿರುತ್ತೇನೆ. ಎಲ್ಲ ಮುಗಿದ ಮೇಲೆ ನಿಮ್ಮಮ್ಮ ಫೋನ್ ಮಾಡಲಿ.

ಹೋದ ಕಡೆಯೆಲ್ಲ ನಿನಗೆ ಒಳ್ಳೆಯವರೇ ಸಿಗಲಿ, ತಾಯಿ.

ನಿನ್ನ ಅಪ್ಪ,
ಬೈರಣ್ಣ

ಇನ್ನೊಂದು ಮಾತು: ಹಿಂದೆ ಇರುವುದು ಯಾರು ಎಂದು ಆ ಹೆಂಗಸು ಕೇಳಿದಾಗ ನೀನು ತಿರುಗಿ ನನ್ನ ಮುಖ ನೋಡಿದೆ. ಆಮೇಲೆ "ಎಲೆಕ್ಟ್ರಿಷಿಯನ್" ಎಂದೆ. ನನಗೆ ಇಂಗ್ಲಿಷು ತಿಳಿಯುವುದಿಲ್ಲ ಎಂದುಕೊಂಡಿರಬೇಕು. ಆ ಕೆಲಸದವನಿಗೆ ಕನ್ನಡದಲ್ಲಿ ನಾವೂ ಅದೇ ಪದ ಬಳಸುತ್ತೇವೆ, ಮಗಳೇ. ನಿಮ್ಮಮ್ಮನಿಗೆ ಇದನ್ನು ಹೇಳಿಲ್ಲ, ಮೇಷ್ಟ್ರಿಗೂ ಹೇಳಿಲ್ಲ. ಗುರುವಾರ ಜರ್ಮನಿಯವರು ಆ ಮಾತು ತೆಗೆದರೆ ಒಂದು ಸಲ ನಿನ್ನ ಬಾಯಿಂದ ನಮ್ಮಪ್ಪ ಎನ್ನು. ನಾನು ಹೇಗೂ ಮನೆಯಲ್ಲಿರುವುದಿಲ್ಲ, ಕರೆದು ತೋರಿಸು ಎಂದು ಅವರು ಕೇಳಿದರೂ ನೀನು ನಾಚಿಕೆಪಡಬೇಕಾಗಿಲ್ಲ.