ಕನ್ನಡಿ ಬೀರು ಮಾರಾಟಕ್ಕಿದೆ

ಸಾಲ್ತೊ, ಜುಲೈ ೯

ಪ್ರೀತಿಯ ತಂಗಿ ಇರ್ಮಾ,

ಹೊಲಿಗೆ ಯಂತ್ರವನ್ನು ಆನ್‌ಲೈನ್‌ನಲ್ಲಿ ಮಾರುವುದು ಹೇಗೆಂದು ಕೇಳಿದ್ದೀಯ. ಹಗಲು ಬೆಳಕಿನಲ್ಲಿ ಫೋಟೊ ತೆಗೆ. ಪೆಡಲು ಕಿರುಗುಟ್ಟುವುದನ್ನು ಮುಚ್ಚಿಡಬೇಡ. "ಇನ್ನೂ ಇದೆಯಾ?" ಎಂದು ಕೇಳಲು ಅಲ್ಲೊಂದು ಬಟನ್ ಇದೆ, ಎಲ್ಲರೂ ಮೊದಲು ಒತ್ತುವುದು ಅದನ್ನೇ. "ಇದೆ" ಎಂದು ಬೇಗ ಉತ್ತರಿಸು. ಒಬ್ಬಳೇ ಇದ್ದಾಗ ಯಾರನ್ನೂ ಮನೆಯೊಳಗೆ ಕರೆಯಬೇಡ.

ನಮ್ಮ ಕನ್ನಡಿ ಬೀರಿನ ಜಾಹೀರಾತನ್ನು ನಿನ್ನ ಭಾವನೇ ಹಾಕಿದ್ದರು. ಅವರ ಬುದ್ಧಿ ಗೊತ್ತಲ್ಲ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಕಷಾಯದ ಸೋರೆಬುರುಡೆ. ಎರಡನ್ನೂ ಕೆಳಗಿಡದೆ ಇನ್ನೊಂದು ಕೈಯಲ್ಲಿ ಫೋಟೊ ತೆಗೆದರು. ಕನ್ನಡಿಯ ತುಂಬ ಅವರೇ.

"ಒಳಗಿರೋ ಯಜಮಾನ್ರೂ ಬೀರು ಜೊತೆ ಬರ್ತಾರಾ?" ಎಂದು ಒಬ್ಬಳು ಕೇಳಿದಳು.

"ಅವನನ್ನ ಕೊಡಲ್ಲಮ್ಮ, ಮಾಟೆ ಕುಡಿಸಿ ಕುಡಿಸಿ ನನ್ನ ಹೆಂಡ್ತಿ ಸಾಕ್ಕೊಂಡಿದ್ದಾಳೆ" ಎಂದು ಇವರು ಬರೆದರು.

ಬೀರು ಹೋದ ಮೂರನೆಯ ವಾರಕ್ಕೆ ಅವರನ್ನು ಮಣ್ಣು ಮಾಡಿದೆವು.

ಮಾರಾಟವಾದ ಮೇಲೆ ಜಾಹೀರಾತು ಅಳಿಸಬೇಕು, ಅದು ನಿಯಮ. ನಾನು ಅಳಿಸಿಲ್ಲ. ಮನೆಯ ಬೇರೆಲ್ಲ ಫೋಟೊಗಳನ್ನು ತೆಗೆದವರು ಅವರೇ, ಹಾಗಾಗಿ ಅವುಗಳಲ್ಲಿ ಅವರಿಲ್ಲ. ಇದನ್ನು ಫೋನಿಗೆ ಇಳಿಸಿಟ್ಟುಕೋ ಅನ್ನುತ್ತೀಯ. ಇಟ್ಟುಕೊಂಡಿದ್ದೇನೆ. ಆದರೆ ಫೋನಿನೊಳಗೆ ಯಾರೂ ವಿಚಾರಿಸುವುದಿಲ್ಲ.

ಹದಿನೈದು ದಿನ ಯಾರೂ ಕೇಳದಿದ್ದರೆ ಜಾಹೀರಾತು ತಾನಾಗಿ ಅಳಿಸಿಹೋಗುತ್ತದೆ. ಈ ಶುಕ್ರವಾರಕ್ಕೆ ಹದಿನೈದು ತುಂಬುತ್ತದೆ. ಅಷ್ಟರೊಳಗೆ ಒಮ್ಮೆ ಆ ಬಟನ್ ಒತ್ತು ಇರ್ಮಾ. "ಇನ್ನೂ ಇದೆಯಾ?" ಎಂದು ಕೇಳು.

ಇದೆ ಎಂದು ಬರೆಯುತ್ತೇನೆ.

ನಿನ್ನ ಅಕ್ಕ,
ಎತೆಲ್ವಿನಾ