ಹಿಟ್ಟಿನ ಡಬ್ಬಿಯ ಗುಟ್ಟು

ಪ್ರೀತಿಯ ಅತ್ತಿಗೆ,

ಮಕ್ಕಳಾಗದಂತೆ ಹೆಂಗಸರು ಏನು ಮಾಡುತ್ತಾರೆಂದು ಮನೆಮನೆಗೂ ಹೋಗಿ ಕೇಳುವುದೇ ಇಲ್ಲಿ ನನ್ನ ಸಂಶೋಧನೆ. ಅತ್ತೆಯಂದಿರು ಪಕ್ಕದಿಂದ ಕದಲುವುದಿಲ್ಲ. ಅದಕ್ಕೇ ನನ್ನ ಜೊತೆಗಾತಿ ಅವರನ್ನು ಅಡುಗೆಮನೆಗೆ ಕರೆದೊಯ್ದು, ಮಂಡಿನೋವಿನ ಬಗ್ಗೆ ಸುಮ್ಮಸುಮ್ಮನೆ ಪ್ರಶ್ನೆ ಕೇಳುತ್ತಾಳೆ.

ನಿನ್ನೆ ಒಬ್ಬ ಸೊಸೆ ನನ್ನ ಕಿವಿಯಲ್ಲಿ, "ಮಾತ್ರೆ ಹಿಟ್ಟಿನ ಡಬ್ಬೀಲಿಟ್ಟಿದೀನಿ. ಅತ್ತೆಗೆ ಗೊತ್ತಾದ್ರೆ ನನ್ನ ಕಥೆ ಮುಗೀತು" ಎಂದಳು. ಅತ್ತ ಅಡುಗೆಮನೆಯಲ್ಲಿ ಅವಳ ಅತ್ತೆ, "ಮಂಡಿ ಹಾಳಾಗ್ಲಿ! ಹಿಟ್ಟಿನ ಡಬ್ಬೀಲಿರೋ ಮಾತ್ರೆ ಮುಗೀತಾ ಬಂತು, ನಮ್ಮ ಹುಡುಗಿಗೆ ಇನ್ನೊಂದಿಷ್ಟು ಕೊಡಿ. ನಾನು ಹೇಳ್ದೆ ಅನ್ಬೇಡಿ" ಎಂದರಂತೆ. ಬಾಯಿ ಬಿಡುವುದಿಲ್ಲವೆಂದು ಇಬ್ಬರಿಗೂ ಮಾತು ಕೊಟ್ಟಿದ್ದೇವೆ, ಹೆಸರು ಕೇಳಬೇಡಿ.

ನಡೆದು ನಡೆದು ಕಾಲು ಬಾತಿದೆ, ಉಳಿದಂತೆ ಆರಾಮ.

ಅಮ್ಮಾ, ಓದಿ ಆಯಿತಲ್ಲ? ಇನ್ನು ಈ ಪೋಸ್ಟ್‌ಕಾರ್ಡನ್ನು ಅತ್ತಿಗೆಗೆ ಕೊಡು. ನಮ್ಮನೆ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನೂ ನೀನೇ ಅವರಿಗೆ ಹೇಳಿಬಿಡು.

ಅವಸರದಲ್ಲಿ,
ನಿಮ್ಮ ನಾದಿನಿ